ಯಾರಿಗೂ ಬೇಡವಾದ ಷೇರು: ಕೊಳ್ಳುವ ಮುಂಚೆ ಚೀಲದೊಳಗೆ ಕೈ ಹಾಕಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಸೀಸನ್ ಬಂದಾಗ ಖರೀದಿದಾರರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಚೀಲದ ಮೇಲಿನ ಕಾಳು ನೋಡಿ ಯಾರೂ ದರ ಕಟ್ಟುವುದಿಲ್ಲ. ಮೊಣಕೈವರೆಗೆ ಕೈ ಒಳಗೆ ಹೋಗುತ್ತದೆ. ತಳದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ಊದುತ್ತಾರೆ. ಒಂದೆರಡು ಕಾಳು ಹಲ್ಲಿಗೆ ಕೊಟ್ಟು ಕಡಿಯುತ್ತಾರೆ. ಕಟ್ ಅಂದರೆ ಒಣಗಿದೆ. ಮೆತ್ತಗಾದರೆ ತೇವ ಇದೆ. ಆಮೇಲೆ ದರದ ಮಾತು.

ನಾನು ಅಲ್ಲಿ ಒಂದು ಅಡತ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆದೆ. 2011ರಲ್ಲಿ ಒಂದು ಕಂಪನಿಯ ಷೇರನ್ನು 14 ರೂಪಾಯಿಗೆ ಕೊಂಡು ಬೀಗುತ್ತಿದ್ದೆ. ಅಂಗಡಿ ಯಜಮಾನರಿಗೆ, ನಾವೆಲ್ಲ ಕಾಕಾ ಅನ್ನುತ್ತಿದ್ದವರಿಗೆ, ಹೇಳಿಕೊಂಡೆ.

"ಕಾಕಾ, 110 ಇದ್ದದ್ದು 14ಕ್ಕ ಬಂದದ ನೋಡ್ರಿ."

"ಯಾಕ ಬಂತು ಅಂತ ಕೇಳ್ದ್ಯೇನು ತಮ್ಮಾ? 14 ಇದ್ದದ್ದು 1 ಆಗಬಾರ್ದು ಅಂತ ಎಲ್ಲಿ ಬರದದ?"

ನಾನು ನಕ್ಕು ಸುಮ್ಮನಾದೆ. 9 ರೂಪಾಯಿಗೆ ಬಂದಾಗ ಇನ್ನಷ್ಟು ಕೊಂಡೆ, 6ಕ್ಕೆ ಮತ್ತಷ್ಟು. ಕೊನೆಗೆ ಆ ಷೇರಿನ ವಹಿವಾಟೇ ನಿಂತುಹೋಯಿತು. ಈಗಲೂ ನನ್ನ ಡಿಮ್ಯಾಟ್ ಖಾತೆಯಲ್ಲಿ ಅದು ಒಂದು ಸಾಲಾಗಿ ಕೂತಿದೆ, ಮಾರಲು ಬರುವುದಿಲ್ಲ. ಕೆಳಗೆ ಬರೆದಿರುವುದು ಆಮೇಲೆ ಕಲಿತ ಕೆಲಸ. ಇದರಲ್ಲಿ ಯಾವ ಷೇರನ್ನೂ ಕೊಳ್ಳಿ ಅಂತ ಹೇಳಿಲ್ಲ. ನಾನು ನೋಂದಾಯಿತ ಸಲಹೆಗಾರನೂ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು

5 ರೂಪಾಯಿಯ ಷೇರು ಅಗ್ಗ, 5,000 ರೂಪಾಯಿಯದು ದುಬಾರಿ ಅಂತ ತುಂಬಾ ಜನ ತಿಳಿದಿದ್ದಾರೆ. ಇದು ಚೀಲದ ತೂಕ ಕೇಳದೆ ದರ ಹೇಳಿದ ಹಾಗೆ. ಎಂಆರ್‌ಎಫ್‌ನ ಒಂದು ಷೇರು 2023ರ ಜೂನ್‌ನಲ್ಲಿ 1 ಲಕ್ಷ ರೂಪಾಯಿ ದಾಟಿತು. ಆ ಅಂಕಿಯೊಂದರಿಂದಲೇ ಅದು ದುಬಾರಿಯೋ ಅಗ್ಗವೋ ಹೇಳಲು ಬರುವುದಿಲ್ಲ. ಒಂದು ಷೇರಿನ ಹಿಂದೆ ಎಷ್ಟು ಆಸ್ತಿ ಇದೆ, ಎಷ್ಟು ಲಾಭ ಇದೆ, ಅದಕ್ಕೆ ನೀವು ಎಷ್ಟು ಕೊಡುತ್ತಿದ್ದೀರಿ ಅನ್ನುವುದನ್ನು ನೋಡಬೇಕು.

ಇದನ್ನು ಶಿಸ್ತಾಗಿ ಕಲಿಸಿದವರು ಅಮೆರಿಕದ ಹೂಡಿಕೆದಾರ ಬೆಂಜಮಿನ್ ಗ್ರಹಾಂ. ಲಂಡನ್‌ನಲ್ಲಿ 1894ರಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದವರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಕಲಿತದ್ದು ಇವರ ಹತ್ತಿರವೇ. 1929ರ ಅಮೆರಿಕದ ಷೇರುಪೇಟೆ ಕುಸಿತದಲ್ಲಿ ಗ್ರಹಾಂ ತಾವೂ ಜೋರಾಗಿ ಕೈ ಸುಟ್ಟುಕೊಂಡಿದ್ದರು. ಬೆಲೆಗೂ ಬೆಲೆಬಾಳುವಿಕೆಗೂ ನಡುವೆ ಒಂದಿಷ್ಟು ಜಾಗ ಬಿಟ್ಟು ಕೊಳ್ಳಬೇಕು ಎಂದು ಅವರು ಹಟ ಹಿಡಿದು ಹೇಳಿದ್ದು ಆ ಪೆಟ್ಟಿನ ನಂತರ. ನಾವು ಲೆಕ್ಕ ಹಾಕುವುದರಲ್ಲಿ ತಪ್ಪಿದರೂ ಆ ಜಾಗ ನಮ್ಮನ್ನು ಕಾಯುತ್ತದೆ.

1. ಯಾವ ದುಡ್ಡು

ಬಿತ್ತನೆ ಬೀಜ ಮಾರಿ ಯಾರೂ ಹಬ್ಬ ಮಾಡುವುದಿಲ್ಲ, ಅಲ್ವಾ? ಐದು ವರ್ಷ ಬೇಕಾಗದ ದುಡ್ಡು ಮಾತ್ರ ಇಲ್ಲಿಗೆ. ಮಗಳ ಕಾಲೇಜು ಫೀಸು, ಮನೆ ಕಟ್ಟುವ ದುಡ್ಡು, ಆರು ತಿಂಗಳ ಮನೆ ಖರ್ಚು ಇವು ಬ್ಯಾಂಕಿನಲ್ಲೇ ಇರಲಿ. ಸಾಲ ಮಾಡಿ ಕೊಳ್ಳುವುದಂತೂ ಬೇಡವೇ ಬೇಡ. ಯಾರಿಗೂ ಬೇಡವಾದ ಷೇರು ಎರಡು ಮೂರು ವರ್ಷ ಹಾಗೇ ಬಿದ್ದಿರಬಹುದು. ಬಡ್ಡಿ ಅಷ್ಟು ದಿನ ಕಾಯುವುದಿಲ್ಲ.

ಎಫ್ ಅಂಡ್ ಒ, ಅಂದರೆ ಷೇರಿನ ಮುಂದಿನ ಬೆಲೆ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ವಹಿವಾಟು, ಅದರ ಬಗ್ಗೆ ಒಂದೇ ಮಾತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳನ್ನು ಷೇರುಪೇಟೆ ನಿಯಂತ್ರಕ ಸೆಬಿ ಪರಿಶೀಲಿಸಿತು. ಅದರಲ್ಲಿ ಆಡಿದ ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ದುಡ್ಡು ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ನಾವು ಮಾಡಲು ಹೊರಟಿರುವುದು ಬೇರೆಯೇ ಕೆಲಸ.

2. ಪಟ್ಟಿ ಮಾಡುವುದು

ಇದು ಸುಲಭದ ಭಾಗ, ಬೇಗ ಮುಗಿಸೋಣ. ಎನ್‌ಎಸ್‌ಇ, ಬಿಎಸ್‌ಇ ಎರಡೂ ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲೂ 52 ವಾರಗಳ ಕನಿಷ್ಠ ಬೆಲೆಗೆ ಇಳಿದ ಷೇರುಗಳ ಪಟ್ಟಿ ದಿನಾ ಸಿಗುತ್ತದೆ. ಕಂಪನಿಗಳ ಹತ್ತು ವರ್ಷದ ಅಂಕಿಅಂಶ ಜರಡಿ ಹಿಡಿಯಲು ಬಿಟ್ಟಿ ತಾಣಗಳಿವೆ. ನನ್ನ ಜರಡಿ ಹೀಗಿದೆ: ಬೆಲೆ ಬುಕ್ ವ್ಯಾಲ್ಯೂಗಿಂತ (ಆಸ್ತಿಯಲ್ಲಿ ಕೊಡಬೇಕಾದ್ದನ್ನೆಲ್ಲ ಕಳೆದು ಒಂದು ಷೇರಿಗೆ ಉಳಿಯುವುದು) ಕಡಿಮೆ ಅಥವಾ ಅದರ ಆಸುಪಾಸು, ಕಳೆದ ಹತ್ತು ವರ್ಷಗಳಲ್ಲಿ ಎಂಟರಲ್ಲಾದರೂ ಲಾಭ, ಸಾಲ ಸ್ವಂತ ಬಂಡವಾಳದ ಅರ್ಧಕ್ಕಿಂತ ಕಡಿಮೆ, ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಕೊಟ್ಟ ಇತಿಹಾಸ.

ಪಿ/ಇ, ಅಂದರೆ ಬೆಲೆ ಒಂದು ವರ್ಷದ ಲಾಭದ ಎಷ್ಟು ಪಟ್ಟು ಅನ್ನುವುದನ್ನು, ಈ ಹಂತದಲ್ಲಿ ನಾನು ಹಾಕುವುದೇ ಇಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಸಾವಿರಾರು ಕಂಪನಿಗಳಿಂದ ಮೂವತ್ತು ನಲವತ್ತು ಹೆಸರು ಉಳಿಯುತ್ತವೆ. ಅರ್ಧದಷ್ಟರ ಹೆಸರನ್ನು ನೀವು ಕೇಳಿಯೇ ಇರುವುದಿಲ್ಲ. ಒಳ್ಳೆಯದೇ. ಎಲ್ಲರೂ ಮಾತಾಡುವ ಕಂಪನಿ ಈ ಪಟ್ಟಿಗೆ ಬರುವುದು ಅಪರೂಪ.

3. ಯಾಕೆ ಅಗ್ಗ?

ಕಾಕಾ ಕೇಳಿದ ಪ್ರಶ್ನೆ. ಕೆಲಸದ ಅರ್ಧ ಇಲ್ಲೇ ಇದೆ. ಕಾರಣ ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಆ ಹೆಸರನ್ನು ಹೊಡೆದು ಹಾಕಿ. ನನ್ನ ಅನುಭವದಲ್ಲಿ ಕಾರಣಗಳು ನಾಲ್ಕು ಬಗೆ.

ಮೊದಲನೆಯದು, ಕೆಟ್ಟ ಕಾಲ. ಇದಕ್ಕೆ ನಮ್ಮ ತೊಗರಿಗಿಂತ ಒಳ್ಳೆಯ ಪಾಠ ಇಲ್ಲ. 2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮುಂದಿನ ಮುಂಗಾರಿನಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಚೆನ್ನಾಯಿತು. 2017ರ ಆರಂಭದಲ್ಲಿ ಫಸಲು ಗಂಜ್‌ಗೆ ಬಂದಾಗ ಇಡಲು ಜಾಗ ಇರಲಿಲ್ಲ. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ. ದರ ಏರಿದ್ದೇ ದರ ಇಳಿಯಲು ಕಾರಣವಾಯಿತು.

ಸಿಮೆಂಟ್, ಸಕ್ಕರೆ, ಉಕ್ಕು, ಕಾಗದ, ರಾಸಾಯನಿಕ ಎಲ್ಲವೂ ಹೀಗೇ. ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳ ಚಿಮಣಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ವರ್ಷದಲ್ಲಿ ಒಂದು ಕಂಪನಿ ಷೇರಿಗೆ 20 ರೂಪಾಯಿ ಲಾಭ ಮಾಡುತ್ತದೆ, ಷೇರಿನ ಬೆಲೆ 100 ಅಂದುಕೊಳ್ಳಿ. ಪಿ/ಇ 5. ಪುಸ್ತಕದ ಪ್ರಕಾರ ಭಾರಿ ಅಗ್ಗ. ಅಷ್ಟರಲ್ಲಿ ಎಲ್ಲ ಕಂಪನಿಗಳೂ ಹೊಸ ಘಟಕ ಹಾಕಿರುತ್ತವೆ. ಸರಕು ಜಾಸ್ತಿಯಾಗಿ ಲಾಭ 4 ರೂಪಾಯಿಗೆ ಇಳಿಯುತ್ತದೆ, ಬೆಲೆ 60ಕ್ಕೆ. ಈಗ ಪಿ/ಇ 15, ನೋಡಲು ದುಬಾರಿ. ಕೊಳ್ಳಬೇಕಾದ್ದು ಈಗ. ಜರಡಿಯಲ್ಲಿ ಪಿ/ಇ ಹಾಕಿದವರು 100ಕ್ಕೆ ಕೊಂಡು 60ಕ್ಕೆ ಮಾರಿರುತ್ತಾರೆ.

ಇನ್ನೊಂದು ಮಾತು ಸೇರಿಸಲೇಬೇಕು. 2017ರಲ್ಲಿ ತೊಗರಿ ಅಗ್ಗ ಅಂತ ಕೊಂಡು ಗೋದಾಮು ತುಂಬಿದವರಿಗೆ ಮರುವರ್ಷವೇ ಲಾಭ ಬರಲಿಲ್ಲ. 2018ರ ಆರಂಭದಲ್ಲೂ ದರ ಬೆಂಬಲ ಬೆಲೆಯ ಕೆಳಗೇ ಇತ್ತು. ಸ್ವಂತ ದುಡ್ಡಿನಲ್ಲಿ ಕೊಂಡವರು ತಡೆದುಕೊಂಡರು. ಸಾಲದಲ್ಲಿ ಕೊಂಡವರ ಲಾಭವನ್ನು ಹುಳಕ್ಕಿಂತ ಮೊದಲು ಬಡ್ಡಿ ತಿಂದಿತು. ಅದಕ್ಕೇ ಜರಡಿಯಲ್ಲಿ ಕಂಪನಿಯ ಸಾಲಕ್ಕೆ ಮಿತಿ ಹಾಕಿದ್ದು. ಕೆಟ್ಟ ಕಾಲ ಮುಗಿಯುವವರೆಗೆ ಕಂಪನಿ ಜೀವಂತ ಇರಬೇಕಲ್ಲ.

ಎರಡನೆಯದು, ಒಂದು ದೊಡ್ಡ ಪೆಟ್ಟು. ಇಲ್ಲಿ ಪೆಟ್ಟು ವಾಸಿಯಾಗುವಂಥದ್ದೋ ಪ್ರಾಣ ತೆಗೆಯುವಂಥದ್ದೋ ಅನ್ನುವುದೇ ಪ್ರಶ್ನೆ. ಒಂದೇ ಉದ್ಯಮದ ಎರಡು ಉದಾಹರಣೆ ನೋಡಿ. ನಮ್ಮ ಭಾಗದ ಮನೆಮನೆಯ ಬ್ಯಾಂಕಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿಹೋಯಿತು. ಆ ದಿನಗಳಲ್ಲಿ ಸರ್ಕಾರಿ ಬ್ಯಾಂಕ್ ಷೇರು ಅಂದರೆ ಜನ ಮೂಗು ಮುರಿಯುತ್ತಿದ್ದರು. 2018ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ವಾಪಸ್ ಬಾರದ ಕೆಟ್ಟ ಸಾಲ ಶೇ 11 ದಾಟಿತ್ತು. ಹಲವು ಬ್ಯಾಂಕುಗಳ ಷೇರು ಬುಕ್ ವ್ಯಾಲ್ಯೂಗಿಂತ ಎಷ್ಟೋ ಕೆಳಗೆ. ಆದರೆ ಯಜಮಾನ ಸರ್ಕಾರ. 2017ರ ಅಕ್ಟೋಬರ್‌ನಲ್ಲೇ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವುದಾಗಿ ಹೇಳಿತ್ತು. ಕೆಟ್ಟ ಸಾಲಗಳನ್ನು ಒಪ್ಪಿಕೊಂಡು ಲೆಕ್ಕಕ್ಕೆ ತರುವ ಕೆಲಸವೂ ನಡೆದಿತ್ತು. 2024ರ ಮಾರ್ಚ್ ಹೊತ್ತಿಗೆ ಕೆಟ್ಟ ಸಾಲ ಶೇ 3ರ ಕೆಳಗೆ ಬಂತು.

ಅದೇ ಕಾಲದಲ್ಲಿ ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಆಸುಪಾಸಿನಿಂದ ಬೀಳಲು ಶುರುವಾಯಿತು. 200ಕ್ಕೆ ಅಗ್ಗ ಅಂದರು, 100ಕ್ಕೆ ಇನ್ನೂ ಅಗ್ಗ ಅಂದರು. 2020ರ ಮಾರ್ಚ್ 5ರಂದು ಆರ್‌ಬಿಐ ಕೈಹಾಕಿ, ಠೇವಣಿದಾರರು 50,000ಕ್ಕಿಂತ ಜಾಸ್ತಿ ತೆಗೆಯದಂತೆ ಮಾಡಿತು. ಬ್ಯಾಂಕು ತೋರಿಸಿದ್ದಕ್ಕಿಂತ ಕೆಟ್ಟ ಸಾಲ ಜಾಸ್ತಿ ಇದೆ ಎಂದು ಆರ್‌ಬಿಐ ಪರಿಶೀಲನೆಯಲ್ಲಿ ಸಿಕ್ಕಿದ್ದು ವರ್ಷಗಳ ಹಿಂದಿನ ವಾರ್ಷಿಕ ವರದಿಯಲ್ಲೇ ಇತ್ತು. ಸರ್ಕಾರಿ ಬ್ಯಾಂಕುಗಳು ರೋಗ ಇದೆ ಅಂತ ಹೇಳಿಕೊಂಡು ಮದ್ದು ತೆಗೆದುಕೊಳ್ಳುತ್ತಿದ್ದವು. ಇಲ್ಲಿ ರೋಗ ಎಷ್ಟು ಅನ್ನುವುದೇ ಸರಿಯಾಗಿ ಹೊರಬಂದಿರಲಿಲ್ಲ. ಸಾಲ ಕೊಡುವ ಕಂಪನಿಯಲ್ಲಿ ಬುಕ್ ವ್ಯಾಲ್ಯೂ ಅಂದರೆ ಕೊಟ್ಟ ಸಾಲ ವಾಪಸ್ ಬರುತ್ತದೆ ಅನ್ನುವ ನಂಬಿಕೆ, ಅಷ್ಟೇ.

ಅಂದ ಹಾಗೆ, ಆ ಸರ್ಕಾರಿ ಬ್ಯಾಂಕುಗಳಲ್ಲಿ ಒಂದರ ಷೇರು ನನ್ನ ಹತ್ತಿರವೂ ಇತ್ತು. ದುಪ್ಪಟ್ಟಾದ ದಿನವೇ ಮಾರಿ ಊರಿಗೆಲ್ಲ ಮಾಲ್ಪುರಿ ಹಂಚಿದೆ. ಆಮೇಲೆ ಅದು ಇನ್ನೂ ಎಷ್ಟು ಏರಿತು ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಮೂರನೆಯದು, ಯಾರೂ ನೋಡದ ಕಂಪನಿ. ಚಿಕ್ಕದು, ಬೋರಾದ ಕೆಲಸ, ಟಿವಿಯಲ್ಲಿ ಹೆಸರು ಬರುವುದಿಲ್ಲ. ಅಥವಾ ಬೇರೆ ಕಂಪನಿಗಳ ಷೇರು ಹಿಡಿದು ಸುಮ್ನೆ ಕೂತಿರುವ ಹೋಲ್ಡಿಂಗ್ ಕಂಪನಿ. ಇದರ ಅತಿರೇಕ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್. ಏಷ್ಯನ್ ಪೇಂಟ್ಸ್‌ನ ಷೇರುಗಳನ್ನು ಹಿಡಿದಿರುವ ಕಂಪನಿ. ಪುಸ್ತಕದಲ್ಲಿ ಒಂದು ಷೇರಿನ ಹಿಂದೆ ಲಕ್ಷಗಟ್ಟಲೆ ರೂಪಾಯಿ ಆಸ್ತಿ, ಮಾರುಕಟ್ಟೆಯಲ್ಲಿ ಬರೆದ ಬೆಲೆ 3.53 ರೂಪಾಯಿ. ಹೋಲ್ಡಿಂಗ್ ಕಂಪನಿಗಳಿಗೆ ವಿಶೇಷ ಹರಾಜು ಇಟ್ಟಾಗ, 2024ರ ಅಕ್ಟೋಬರ್ 29ರಂದು ಒಂದೇ ದಿನ 2,36,250 ರೂಪಾಯಿಗೆ ಹೋಯಿತು. ಇದನ್ನು ಓದಿ ಬಾಯಲ್ಲಿ ನೀರೂರಿಸಬೇಡಿ. 3.53ಕ್ಕೆ ಮಾರುವವರೇ ಇರಲಿಲ್ಲ. ಕೈಗೆ ಸಿಗದ ಬೆಲೆ ಬೆಲೆಯೇ ಅಲ್ಲ. ಸಾಮಾನ್ಯವಾಗಿ ಹೋಲ್ಡಿಂಗ್ ಕಂಪನಿಗಳು ತಮ್ಮ ಆಸ್ತಿಯ ಅರ್ಧಕ್ಕೋ ಮೂರನೇ ಒಂದಕ್ಕೋ ಮಾರಾಟವಾಗುತ್ತಾ ದಶಕಗಟ್ಟಲೆ ಹಾಗೇ ಇರುತ್ತವೆ. ಡಿವಿಡೆಂಡ್ ಚೆನ್ನಾಗಿ ಕೊಡದಿದ್ದರೆ ನಾನು ಮುಟ್ಟುವುದಿಲ್ಲ.

ನಾಲ್ಕನೆಯದು, ಒಳಗೇ ಕೊಳೆತದ್ದು. ನನ್ನ 14 ರೂಪಾಯಿ ಇದೇ ಗುಂಪಿನದು. ಇದನ್ನು ಉಳಿದ ಮೂರರಿಂದ ಬೇರೆ ಮಾಡಲು ಚೀಲದೊಳಗೆ ಕೈ ಹಾಕಬೇಕು.

4. ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ

ಮುಂದಿನ ಬಣ್ಣದ ಪುಟಗಳು ಚೀಲದ ಮೇಲಿನ ಕಾಳು. ಅಧ್ಯಕ್ಷರ ಪತ್ರ, ಸಸಿ ನೆಡುವ ಫೋಟೊ, ಎಲ್ಲ ಬಿಡಿ. ಐದು ವರ್ಷದ ವರದಿಗಳನ್ನು ಇಳಿಸಿಕೊಳ್ಳಿ. ಆಡಿಟರ್ ವರದಿಯಿಂದ ಶುರುಮಾಡಿ. "ಇದೊಂದನ್ನು ಬಿಟ್ಟು" ಅನ್ನುವ ಅರ್ಥದ ಮಾತು ಎಲ್ಲಿ ಬಂದರೂ ಅಲ್ಲಿ ನಿಲ್ಲಿ. ಆಡಿಟರ್ ಅವಧಿ ಮುಗಿಯುವ ಮುಂಚೆ ಬಿಟ್ಟುಹೋಗಿದ್ದರೆ ನೀವೂ ಅವರ ಹಿಂದೆಯೇ ಹೊರಡಿ.

ನಂತರ ಬಾಕಿ. ಗಂಜ್‌ನಲ್ಲಿ ನಾವು ಉದ್ರಿ ಅನ್ನುವುದನ್ನೇ ಇಲ್ಲಿ ಟ್ರೇಡ್ ರಿಸೀವಬಲ್ಸ್ ಅನ್ನುತ್ತಾರೆ. ಮಾರಾಟ ಶೇ 10 ಏರಿ ಬಾಕಿ ಶೇ 50 ಏರಿದ್ದರೆ ಸರಕನ್ನು ಯಾರದೋ ತಲೆಗೆ ಕಟ್ಟಿ ಲಾಭ ತೋರಿಸಿರಬಹುದು. 2021-22ರಿಂದ ಒಂದು ಅನುಕೂಲ ಆಗಿದೆ. ಬಾಕಿ ಎಷ್ಟು ಹಳೆಯದು, ಆರು ತಿಂಗಳೋ, ಎರಡು ವರ್ಷವೋ, ಮೂರು ದಾಟಿತೋ ಅಂತ ಕಂಪನಿಗಳು ಪಟ್ಟಿ ಮಾಡಿ ತೋರಿಸಲೇಬೇಕು. ಮೂರು ವರ್ಷ ದಾಟಿದ ಉದ್ರಿ ಬರುತ್ತದೆ ಅಂತ ನಂಬುವ ವ್ಯಾಪಾರಿಯನ್ನು ನಾನು ಗಂಜ್‌ನಲ್ಲಿ ನೋಡಿಲ್ಲ. 2011ರಲ್ಲಿ ಈ ಪಟ್ಟಿ ಇರಲಿಲ್ಲ, ಆದರೆ ಬಾಕಿ ಮಾರಾಟದ ಮುಕ್ಕಾಲು ಭಾಗ ಆಗಿದ್ದು ಕಣ್ಣಿಗೆ ಕಾಣುತ್ತಿತ್ತು. ನಾನು ನೋಡಲಿಲ್ಲ. ದಿನವಿಡೀ ಬೇರೆಯವರ ಉದ್ರಿ ಲೆಕ್ಕ ಬರೆಯುತ್ತಿದ್ದವನು!

ಮೂರನೆಯದು ಲಾಭಕ್ಕೂ ಕೈಗೆ ಬಂದ ದುಡ್ಡಿಗೂ ಹೊಂದಾಣಿಕೆ. ಐದು ವರ್ಷದ ಲಾಭ ಕೂಡಿಸಿ. ಕ್ಯಾಶ್ ಫ್ಲೋ ಪುಟದಲ್ಲಿ ವ್ಯವಹಾರದಿಂದ ಬಂದ ನಗದು ಎಷ್ಟು ಅಂತ ಐದು ವರ್ಷದ್ದು ಕೂಡಿಸಿ. ಲಾಭ 100 ಕೋಟಿ, ನಗದು 30 ಕೋಟಿ ಅಂದರೆ 70 ಕೋಟಿ ಕಾಗದದ ಮೇಲಿದೆ.

ನಾಲ್ಕನೆಯದನ್ನು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಲಿಸಿತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿದ್ದ ನಗದು, ಬ್ಯಾಂಕಿನ ದುಡ್ಡಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಬರಬೇಕಿದೆ ಅಂತ ಬರೆದಿದ್ದ 376 ಕೋಟಿ ಬಡ್ಡಿಯೂ ಸುಳ್ಳು. ಹಾಗಾಗಿ ನಗದು ಜಾಸ್ತಿ ತೋರಿಸುವ ಕಂಪನಿಯಲ್ಲಿ ಬಡ್ಡಿ ಆದಾಯ ನೋಡಿ. 22 ಕೋಟಿ ಎಫ್‌ಡಿ ಇದ್ದರೆ ವರ್ಷಕ್ಕೆ ಒಂದೂಕಾಲು ಕೋಟಿಯಾದರೂ ಬಡ್ಡಿ ಬರಬೇಕು. 20 ಲಕ್ಷ ಬಂದಿದ್ದರೆ ದುಡ್ಡು ಎಲ್ಲಿದೆ? ಬಡ್ಡಿ ಸರಿ ಇದ್ದರೂ ತೆರಿಗೆ ನಿಜವಾಗಿ ಕಟ್ಟಿದ್ದಾರಾ, ಡಿವಿಡೆಂಡ್ ಕೈಗೆ ಬಂದಿದೆಯಾ ನೋಡಿ. ಇಲ್ಲದ ದುಡ್ಡಿನಲ್ಲಿ ವರ್ಷವರ್ಷ ಡಿವಿಡೆಂಡ್ ಹಂಚುವುದು ಕಷ್ಟ.

5. ಯಜಮಾನ ಎಂಥವನು

ಮೂರು ಜಾಗ ಸಾಕು. ಷೇರು ಹಂಚಿಕೆಯ ಪಟ್ಟಿ ಪ್ರತಿ ಮೂರು ತಿಂಗಳು ಮುಗಿದ 21 ದಿನದೊಳಗೆ ಬರುತ್ತದೆ. ಪ್ರೊಮೋಟರ್‌ಗಳು, ಅಂದರೆ ಕಂಪನಿಯ ಯಜಮಾನರು, ತಮ್ಮ ಷೇರನ್ನು ಎಷ್ಟು ಅಡ ಇಟ್ಟಿದ್ದಾರೆ ಅಂತ ಅದರಲ್ಲಿ ಇರುತ್ತದೆ. ನನ್ನ 14 ರೂಪಾಯಿ ಕಂಪನಿಯಲ್ಲಿ ಶೇ 80 ಅಡ ಇತ್ತು. ಬೆಲೆ ಬಿದ್ದಂತೆ ಸಾಲ ಕೊಟ್ಟವರು ಮಾರುತ್ತಾ ಹೋದರು, ಮಾರಿದಂತೆ ಬೆಲೆ ಇನ್ನೂ ಬಿತ್ತು. ನಾನು ಅವರಿಂದಲೇ ಕೊಳ್ಳುತ್ತಿದ್ದೆ.

ಎರಡನೆಯದು, ಸಂಬಂಧಿಕರ ಕಂಪನಿಗಳ ಜೊತೆಗಿನ ವ್ಯವಹಾರ. ಭಾವಮೈದುನನ ಕಂಪನಿಗೆ ಬಡ್ಡಿ ಇಲ್ಲದ ಸಾಲ, ಹೆಂಡತಿಯ ಕಟ್ಟಡಕ್ಕೆ ಬಾಡಿಗೆ. ಸ್ವಲ್ಪ ಇದ್ದೇ ಇರುತ್ತದೆ. ಲಾಭಕ್ಕೆ ಹೋಲಿಸಿ ನೋಡಿ. ಮೂರನೆಯದು ಸಂಬಳ. ಲಾಭ ಅರ್ಧಕ್ಕಿಳಿದ ವರ್ಷ ಯಜಮಾನರ ಸಂಬಳ ಏರಿದ್ದರೆ ಅವರು ನಿಮ್ಮನ್ನು ಪಾಲುದಾರ ಅಂತ ತಿಳಿದಿಲ್ಲ.

ಕ್ರಿಸಿಲ್, ಇಕ್ರಾ, ಕೇರ್‌ನಂಥ ರೇಟಿಂಗ್ ಸಂಸ್ಥೆಗಳ ವರದಿಯನ್ನೂ ಹುಡುಕಿ ಓದಿ. ಬಿಟ್ಟಿ ಸಿಗುತ್ತದೆ. ಅವರು ಸಾಲ ಕೊಡುವವರ ಕಣ್ಣಿನಿಂದ ನೋಡುತ್ತಾರೆ, ಹಾಗಾಗಿ ಕೆಟ್ಟದ್ದನ್ನು ಮೊದಲು ಬರೆಯುತ್ತಾರೆ. "ಕಂಪನಿ ಮಾಹಿತಿ ಕೊಡುತ್ತಿಲ್ಲ" ಅನ್ನುವ ಸಾಲು ಕಂಡರೆ ಅಲ್ಲಿಗೆ ಬಿಡಿ.

6. ದರ ಕಟ್ಟುವುದು

ನನ್ನ ನೋಟ್‌ಬುಕ್‌ನ ಒಂದು ಪುಟವನ್ನೇ ತೋರಿಸುತ್ತೇನೆ. ಎರಕದ ಬಿಡಿಭಾಗ ಮಾಡುವ ಚಿಕ್ಕ ಕಂಪನಿ. ಹೆಸರು ಬೇಡ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಒಟ್ಟು 1 ಕೋಟಿ ಷೇರು. ಬೆಲೆ 80 ರೂಪಾಯಿ. ಅಂದರೆ ಇಡೀ ಕಂಪನಿಗೆ ಮಾರುಕಟ್ಟೆ ಕೊಡುತ್ತಿರುವುದು 80 ಕೋಟಿ.

ಆಸ್ತಿ: ನಗದು ಮತ್ತು ಎಫ್‌ಡಿ 22 ಕೋಟಿ, ಬರಬೇಕಾದ ಬಾಕಿ 40, ಸರಕು 35, ಚಿಲ್ಲರೆ 3, ಕಟ್ಟಡ ಯಂತ್ರ ಜಮೀನು 45. ಒಟ್ಟು 145 ಕೋಟಿ.
ಕೊಡಬೇಕಾದ್ದು: ಬ್ಯಾಂಕ್ ಸಾಲ 15, ಸರಕು ಕೊಟ್ಟವರಿಗೆ 20, ಇತರೆ 10. ಒಟ್ಟು 45 ಕೋಟಿ.
ಉಳಿದದ್ದು 100 ಕೋಟಿ. ಷೇರಿಗೆ 100 ರೂಪಾಯಿ. ಇದು ಬುಕ್ ವ್ಯಾಲ್ಯೂ.

80ಕ್ಕೆ 100ರ ಮಾಲು ಸಿಗುತ್ತಿದೆ ಅಂತ ಇಲ್ಲೇ ಕುಣಿಯಬಾರದು. ನಾಳೆ ಅಂಗಡಿ ಮುಚ್ಚಿ ಮಾರಿದರೆ ಏನು ಬರುತ್ತದೆ ನೋಡೋಣ. ನಗದು ಪೂರ್ತಿ, 22. ಬಾಕಿಯಲ್ಲಿ ರೂಪಾಯಿಗೆ 80 ಪೈಸೆ, 32. ಸರಕಿಗೆ ಅರ್ಧ, 17.5. ಚಿಲ್ಲರೆಗೆ ಸೊನ್ನೆ. ಹಳೆ ಯಂತ್ರ, ಕಟ್ಟಡ ಸೇರಿ ಶೇ 30, ಅಂದರೆ 13.5. ಒಟ್ಟು 85 ಕೋಟಿ. ಕೊಡಬೇಕಾದ 45 ಕೊಟ್ಟರೆ ಉಳಿಯುವುದು 40 ಕೋಟಿ. ಷೇರಿಗೆ 40 ರೂಪಾಯಿ. ಇದು ತಳ. ಗ್ರಹಾಂ ಇನ್ನೂ ಕಟ್ಟುನಿಟ್ಟು. ಅವರು ಸ್ಥಿರಾಸ್ತಿಯನ್ನು ಲೆಕ್ಕಕ್ಕೇ ಹಿಡಿಯದೆ, ಚಾಲ್ತಿ ಆಸ್ತಿಯಲ್ಲಿ (ನಗದು, ಬಾಕಿ, ಸರಕು, ಚಿಲ್ಲರೆ) ಎಲ್ಲ ಸಾಲ ಕಳೆದು, ಉಳಿದದ್ದರ ಮೂರನೇ ಎರಡರಷ್ಟು ಬೆಲೆಗೆ ಹುಡುಕುತ್ತಿದ್ದರು. ಇಲ್ಲಿ ಅದು 100ರಲ್ಲಿ 45 ಹೋಗಿ 55 ಕೋಟಿ, ಅದರ ಮೂರನೇ ಎರಡು ಸುಮಾರು 37 ಕೋಟಿ. ಷೇರಿಗೆ 37 ರೂಪಾಯಿ. ಲಾಭ ಮಾಡುವ, ಪ್ರಾಮಾಣಿಕ ಕಂಪನಿ ಇವತ್ತು ಆ ಬೆಲೆಗೆ ಸಿಗುವುದು ತೀರಾ ಅಪರೂಪ.

ಕಂಪನಿ ಮುಚ್ಚುತ್ತಿಲ್ಲ, ನಡೆಯುತ್ತಿದೆ. ಐದು ವರ್ಷದ ಲಾಭ ಹಳೆಯದರಿಂದ: 12, 14, 9, 5, 6 ಕೋಟಿ. ಟ್ರ್ಯಾಕ್ಟರ್, ಲಾರಿ ಮಾರಾಟ ಕುಂಟಿದ್ದಕ್ಕೆ ಇಳಿದಿದೆ. ಒಟ್ಟು 46 ಕೋಟಿ, ವ್ಯವಹಾರದಿಂದ ಬಂದ ನಗದು 42 ಕೋಟಿ. ಹೊಂದುತ್ತದೆ. ಸರಾಸರಿ ಲಾಭ ವರ್ಷಕ್ಕೆ 9 ಕೋಟಿ ಅಂತ ಹಿಡಿಯುತ್ತೇನೆ, 14 ಅಂತ ಅಲ್ಲ. ಇಂಥ ಕಂಪನಿಗೆ 12 ಪಟ್ಟು ಕೊಡುವೆ. ಯಾಕೆ 12, ಯಾಕೆ 20 ಅಲ್ಲ? ಬೆಳವಣಿಗೆ ಇಲ್ಲ, ಗ್ರಾಹಕರು ಕೆಲವೇ ಮಂದಿ. ಇದು ಶಾಸ್ತ್ರ ಅಲ್ಲ, ಅಂದಾಜು. 9ಕ್ಕೆ 12 ಪಟ್ಟು 108 ಕೋಟಿ. ಷೇರಿಗೆ 108 ರೂಪಾಯಿ.

ಈಗ ಗ್ರಹಾಂ ಹೇಳಿದ ಜಾಗ. ಮೂರನೇ ಒಂದು ಬಿಟ್ಟರೆ 72 ರೂಪಾಯಿ. ಬೆಲೆ 80. ಅಂದರೆ ಕೊಳ್ಳಬಾರದು, ಕಾಯಬೇಕು. ಎರಡು ವಾರ ಓದಿ, ಲೆಕ್ಕ ಹಾಕಿ, ಕೊನೆಗೆ ಏನೂ ಮಾಡದೆ ಕೂರುವುದು ಎಂಥ ಸಂಕಟ ಅಂತ ಮಾಡಿದವರಿಗೇ ಗೊತ್ತು. 8 ರೂಪಾಯಿಗೆ ಯಾಕೆ ಇಷ್ಟು ಜಗ್ಗಾಟ ಅಂತ ಮನಸ್ಸು ಕೇಳುತ್ತದೆ. ಲಾಭದ ಅಂದಾಜು ತಪ್ಪಿ 9ರ ಬದಲು 7 ಕೋಟಿಯೇ ಕಾಯಂ ಆದರೆ ಕಂಪನಿಯ ಬೆಲೆ 84. 72ಕ್ಕೆ ಕೊಂಡವನು ಆಗಲೂ ಕೈ ಸುಟ್ಟುಕೊಳ್ಳುವುದಿಲ್ಲ. 80ಕ್ಕೆ ಕೊಂಡವನಿಗೆ ಉಳಿಯುವುದು 4 ರೂಪಾಯಿ.

7. ಕೊಳ್ಳುವುದು

ಒಂದು ಕಂಪನಿಗೆ ಒಟ್ಟು ದುಡ್ಡಿನ ಶೇ 5ಕ್ಕಿಂತ ಜಾಸ್ತಿ ಬೇಡ. 4 ಲಕ್ಷ ಇದ್ದರೆ ಒಂದಕ್ಕೆ 20,000. ಹದಿನೈದು ಇಪ್ಪತ್ತು ಕಂಪನಿಗಳಲ್ಲಿ ಮೂರ್ನಾಲ್ಕು ಕೊಳೆತವೇ ಬರುತ್ತವೆ, ಎಷ್ಟೇ ಕೈ ಹಾಕಿ ನೋಡಿದರೂ. ಆ 20,000ವನ್ನೂ ಮೂರು ಕಂತಿನಲ್ಲಿ ಹಾಕಿ. ಮೊದಲ ಕಂತಿನ ನಂತರ ಬೆಲೆ ಬಿದ್ದರೆ ಎರಡನೆಯದಕ್ಕೆ ಮುಂಚೆ ಹೊಸ ಫಲಿತಾಂಶ ಓದಿ. ಬಿತ್ತು ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ. ನಾನು 9ಕ್ಕೆ, 6ಕ್ಕೆ ಮಾಡಿದ್ದು ಅದೇ.

ಚಿಕ್ಕ ಕಂಪನಿಗಳಲ್ಲಿ ದಿನಕ್ಕೆ ಕೆಲವು ಸಾವಿರ ಷೇರು ಮಾತ್ರ ಕೈಬದಲಾಗುತ್ತವೆ. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಿದರೆ ನೀವೇ ಬೆಲೆ ಏರಿಸಿಬಿಡುತ್ತೀರಿ. ಯಾವಾಗಲೂ ಇಷ್ಟಕ್ಕಿಂತ ಜಾಸ್ತಿ ಕೊಡುವುದಿಲ್ಲ ಅನ್ನುವ ಲಿಮಿಟ್ ಆರ್ಡರ್. ಅದು ಆ ದಿನ ಸಂಜೆಗೆ ಸಾಯುತ್ತದೆ. ತಿಂಗಳುಗಟ್ಟಲೆ ಕಾಯುವುದಕ್ಕೆ ಬ್ರೋಕರ್‌ಗಳು ನೀವು ಹೇಳಿದ ಬೆಲೆ ಬಂದಾಗ ತಾನೇ ಆರ್ಡರ್ ಹೋಗುವ ಜಿಟಿಟಿ ಅಂತ ಒಂದು ಸೌಲಭ್ಯ ಕೊಡುತ್ತಾರೆ. ಎಎಸ್‌ಎಂ, ಜಿಎಸ್‌ಎಂ ಅಂತ ಎಕ್ಸ್‌ಚೇಂಜ್ ವಿಶೇಷ ನಿಗಾ ಇಟ್ಟ ಷೇರುಗಳ ಪಟ್ಟಿಯಲ್ಲಿ ಹೆಸರಿದೆಯಾ ಅಂತಲೂ ನೋಡಿಕೊಳ್ಳಿ.

ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ ಬಂದ ಹೆಸರು ಯಾರಿಗೂ ಬೇಡವಾದದ್ದು ಅಲ್ಲ, ಯಾರೋ ಮಾರಬೇಕಾದದ್ದು.

8. ಕಾಯುವುದು, ಮಾರುವುದು

ಕೊಂಡ ದಿನವೇ ನೋಟ್‌ಬುಕ್‌ನಲ್ಲಿ ಮೂರು ಸಾಲು: ಯಾಕೆ ಅಗ್ಗ, ಯಾಕೆ ಸರಿಹೋಗುತ್ತದೆ, ಏನಾದರೆ ನಾನು ತಪ್ಪು. ಪೆನ್ನಿನಲ್ಲಿ ಬರೆಯಿರಿ. ಒಂದು ವರ್ಷ ಆದ ಮೇಲೆ ಮನಸ್ಸು ಕಾರಣವನ್ನೇ ಬದಲಿಸಿಬಿಡುತ್ತದೆ. ಷೇರುಪೇಟೆ ಸೂಚ್ಯಂಕ ನಿಫ್ಟಿ 2020ರ ಜನವರಿಯಲ್ಲಿ 12,300 ದಾಟಿ, ಮಾರ್ಚ್ 23ಕ್ಕೆ 7,610ಕ್ಕೆ ಬಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಲುಗಳೇ. ಹದಿನಾರು ಪುಟ ತಿರುವಿದೆ. ಹನ್ನೊಂದರಲ್ಲಿ ಕಾರಣ ಹಾಗೇ ಇತ್ತು. ಮಾರಲಿಲ್ಲ.

ಮಾರುವುದಕ್ಕೆ ನನ್ನ ಬಳಿ ಮೂರು ಕಾರಣ. ಬೆಲೆ ನಾನು ಕಟ್ಟಿದ ದರ ಮುಟ್ಟಿದಾಗ ಅರ್ಧ ಮಾರುತ್ತೇನೆ, ಉಳಿದದ್ದನ್ನು ಹೊಸದಾಗಿ ಲೆಕ್ಕ ಹಾಕುತ್ತೇನೆ. ಬ್ಯಾಂಕ್ ಷೇರಿನ ಹೊಟ್ಟೆ ಉರಿಯಿಂದ ಕಲಿತದ್ದು. "ಏನಾದರೆ ನಾನು ತಪ್ಪು" ಅಂತ ಬರೆದದ್ದು ಆಗಿಬಿಟ್ಟರೆ ನಷ್ಟವಾದರೂ ಅದೇ ವಾರ ಹೊರಗೆ. ಮೂರು ವರ್ಷ ಕಳೆದರೂ ಏನೂ ಆಗದಿದ್ದರೆ ಇನ್ನೂ ಅಗ್ಗದ್ದು ಇದೆಯಾ ಅಂತ ಹೋಲಿಸುತ್ತೇನೆ.

ತೆರಿಗೆ ಲೆಕ್ಕ: 2024ರ ಜುಲೈ 23ರಿಂದ, 12 ತಿಂಗಳಿಗಿಂತ ಜಾಸ್ತಿ ಇಟ್ಟು ಮಾರಿದ ಲಾಭದಲ್ಲಿ ಹಣಕಾಸು ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ 12.5. ಅದಕ್ಕಿಂತ ಬೇಗ ಮಾರಿದರೆ ಶೇ 20. ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ. ಹನ್ನೊಂದನೇ ತಿಂಗಳಲ್ಲಿ ಕೈ ತುರಿಸಿದರೆ ಈ ವ್ಯತ್ಯಾಸ ನೆನಪಿರಲಿ. ನಾಮಿನಿ ಹೆಸರನ್ನೂ ಇವತ್ತೇ ಹಾಕಿಬಿಡಿ.

ಎರಕದ ಕಂಪನಿಯ ಪುಟ ಇನ್ನೂ ತೆರೆದೇ ಇದೆ. ಬೆಲೆ ಒಮ್ಮೆ 75ಕ್ಕೆ ಬಂದು ಮತ್ತೆ 83ಕ್ಕೆ ಹೋಯಿತು. 72ರ ಜಿಟಿಟಿ ಹಾಗೇ ಕೂತಿದೆ. ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶ 45 ದಿನದೊಳಗೆ, ಅಂದರೆ ನವೆಂಬರ್ 14ರೊಳಗೆ ಬರಬೇಕು. ಅದರ ಜೊತೆ ಅರ್ಧ ವರ್ಷದ ಬ್ಯಾಲೆನ್ಸ್ ಶೀಟ್ ಕೂಡ ಬರುತ್ತದೆ. ಬಾಕಿ 40 ಕೋಟಿಯಿಂದ ಕೆಳಗಿಳಿದಿದೆಯಾ, ಮೇಲೆ ಹೋಗಿದೆಯಾ ಅಂತ ನೋಡುವವರೆಗೆ ಆ ಪುಟದಲ್ಲಿ ಬರೆಯುವುದು ಏನೂ ಇಲ್ಲ.